ಬೀಸುಕಲ್ಲಿನ ಅರ್ಧ

ಮಧುಗಿರಿಯಿಂದ ಶಿರಾಕ್ಕೆ ಹೊರಡಲಿದ್ದ, ಇದ್ದಿಲು ಉರಿಸಿ ಓಡುವ ಬಸ್ಸು ಇನ್ನೂ ಹೊಗೆ ಉಗುಳುತ್ತ ನಿಂತಿತ್ತು. ಮಿಡಿಗೇಶಿಯ ಹೆಂಗಸೊಬ್ಬಳು ಕಂಕುಳಲ್ಲಿ ಮಗು, ತಲೆಯ ಮೇಲೆ ಬೀಸುಕಲ್ಲಿನ ಮೇಲಿನ ಕಲ್ಲು ಹೊತ್ತು ಬಂದಳು. ಚಿಕ್ಕಮಗಳೂರಿನ ಕಾಫಿ ತೋಟ ಸೇರಿದ ಗಂಡನ ಬಳಿಗೆ ಹೊರಟವಳು.

"ಮನುಷ್ಯರಿಗೇ ಜಾಗ ಇಲ್ಲ, ಕಲ್ಲು ಇಳ್ಸು ಕಣಮ್ಮ," ಎಂದ ಕಂಡಕ್ಟರ್.

"ಹೊಲದಾಗೂ ಜಾಗ ಇಲ್ಲ ಕಣಣ್ಣ. ಅಣ್ತಮ್ರಿಗೆ ಪಾಲಾಗಿ, ಎತ್ತು ತಿರುಗ್ಸಕ್ಕೆ ಪಕ್ಕದೋರ ಹೊಲಕ್ಕೇ ಹೋಗ್ಬೇಕು. ಅದ್ಕೇ ಹೊಂಟಿರಾದು."

ಬಸ್ಸಿನಲ್ಲಿದ್ದವರು ನಕ್ಕರು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತಿದ್ದ ನಾನು, ಒಂದೇ ಕಲ್ಲಿನಲ್ಲಿ ಏನು ಬೀಸುತ್ತೀಯಮ್ಮ ಎಂದು ಕೇಳಿದೆ.

"ಬೀಸಾಕಲ್ಲ ಸ್ವಾಮಿ. ಅಡಿಕಲ್ಲು ನಮ್ಮ ವಾರಗಿತ್ತಿ ತಾವ ಐತೆ. ನಮ್ಮಲ್ಲಿ ದೂರ ಹೋಗೋರು ಇಂಗೇ ಪಾಲು ಮಾಡ್ಕಂಡು ಹೋಗಾದು. ಅಡಿಕಲ್ಲು ಅಲ್ಲಿ ಕಾಯ್ತಾ ಇದ್ರೆ ನಾವು ಬಂದೇ ಬತ್ತೀವಿ. ನಿಮ್ಮನೇಲಿ ಬೀಸೋರು ಯಾರು?"

"ನನ್ನ ಹೆಂಡತಿ ಬೀಸುತ್ತಿದ್ದಳು. ಹೋದ ತಿಂಗಳು ತೀರಿಕೊಂಡಳು."

ಹೊರಗಿನವರಿಗೆ ನಾನು ಇದನ್ನು ಹೇಳಿದ್ದು ಅದೇ ಮೊದಲು. ನಮ್ಮ ಮನೆಯಲ್ಲಿ ಎರಡು ಕಲ್ಲೂ ಒಂದರ ಮೇಲೊಂದು ಕೂತಿವೆ, ತಿರುಗಿಸುವವರಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಅವಳ ಕಲ್ಲಿಗೆ ಕೈ ಹಾಕಿದ.

"ಬಿಡಪ್ಪ, ಅದು ನನ್ನದು. ನನ್ನ ತೊಡೆಯ ಮೇಲೆ ಇರುತ್ತೆ," ಎಂದೆ. ಅವನು ನನ್ನನ್ನೊಮ್ಮೆ, ಅವಳನ್ನೊಮ್ಮೆ ನೋಡಿ ಮುಂದೆ ಹೋದ.

ಬಸ್ಸು ಹೊರಟಿತು. ತೊಡೆಯ ಮೇಲಿಟ್ಟುಕೊಂಡ ಕಲ್ಲು ಜಾರದಂತೆ ಅದರ ಗೂಟ ಹಿಡಿದುಕೊಂಡೆ. ಕೈ ತಾಗಿ ತಾಗಿ ಗೂಟ ನುಣುಪಾಗಿತ್ತು. ಇಷ್ಟು ವರ್ಷದಲ್ಲಿ ನಮ್ಮ ಮನೆಯ ಗೂಟವನ್ನು ನಾನು ಒಂದು ಸಲವೂ ಮುಟ್ಟಿರಲಿಲ್ಲ. ಶಿರಾ ಬರುವವರೆಗೂ ಕೈ ಬಿಡಲಿಲ್ಲ.