ಹೆರಿಗೆ ಕೋಣೆಯನ್ನು ಯುದ್ಧಕ್ಕೆ ಕೊಟ್ಟ ಸಭೆ

ಅಂದು ನಾನು ಸಭೆಗೆ ಸುಳ್ಳು ಹೇಳಿದೆ. ನಮ್ಮೂರಿನ ಹೆರಿಗೆ ಕೋಣೆಗೆಂದು ಕೂಡಿಸಿಟ್ಟ ಹಣ ರಕ್ಷಣಾ ನಿಧಿಗೆ ಹೋಗಲೇಬೇಕು, ಸರಕಾರದ ಹುಕುಂ ಆಗಿದೆ ಎಂದೆ. ಅಂಥ ಹುಕುಂ ಇರಲಿಲ್ಲ.

ನಾನಾಗ ಝರಾಸಂಗಂ ಹತ್ತಿರದ ನಮ್ಮೂರಿಗೆ ಸರಪಂಚ. ಗಡಿಯಲ್ಲಿ ಯುದ್ಧ ನಡೆದಿತ್ತು. ಜಹೀರಾಬಾದಿನ ಅಧಿಕಾರಿಯೊಬ್ಬರು ನನಗೆ ಬಿಡಿಸಿಯೇ ಹೇಳಿದ್ದರು — ಮನಸ್ಸಿದ್ದವರು ಕೈಲಾದಷ್ಟು ಕೊಡಲಿ, ಜಬರ್ದಸ್ತಿ ಇಲ್ಲ, ಊರ ಕೆಲಸದ ಹಣ ಮುಟ್ಟಬೇಡಿ. ಆದರೆ ಚುನಾವಣೆ ಹತ್ತಿರವಿತ್ತು. ಸುತ್ತಲಿನ ಊರುಗಳಿಗಿಂತ ಹೆಚ್ಚು ಕೊಡಿಸಿದವನು ಎನಿಸಿಕೊಂಡರೆ ಪಂಚಾಯತಿ ಸಮಿತಿಯ ಅಧ್ಯಕ್ಷನಾಗಬಹುದು — ಇಷ್ಟೇ ನನ್ನ ದೇಶಭಕ್ತಿ.

ಪಂಚಾಯತಿ ಸದಸ್ಯೆ ಗುರಮ್ಮಕ್ಕ ಒಬ್ಬಳೇ ಎದ್ದು ನಿಂತಳು. ಅವಳ ತಮ್ಮನೇ ಸೈನ್ಯದಲ್ಲಿದ್ದ.

"ನನ್ನ ಬಂಗಾರ ತಗೋರಿ, ಕೊಡ್ತೀನಿ. ಆ ಹೆರಿಗಿ ಕ್ವಾಣಿ ರೊಕ್ಕ ಬಿಡ್ರಿ. ಹೆಣ್ಮಕ್ಕಳು ದವಾಖಾನಿಗೆ ಹೋಗೂ ಬಂಡ್ಯಾಗ ಸಾಯಾಕತ್ಯಾರ."

"ದೇಶ ಮೊದಲೋ, ನಿನ್ನ ಕ್ವಾಣಿ ಮೊದಲೋ ಅಕ್ಕಾ?" ಎಂದೆ ನಾನು, ಎಲ್ಲರಿಗೂ ಕೇಳುವಂತೆ.

ಕೈಗಳು ಎದ್ದವು. ಅವಳದೊಂದು ಏಳಲಿಲ್ಲ. ಆಮೇಲೆ ಬಾವಿಕಟ್ಟೆಯಲ್ಲಿ ಹೆಂಗಸರು ಅವಳ ಜೊತೆ ಮಾತು ಬಿಟ್ಟರು. ನೀ ಯಾವ ದೇಶದಾಕಿ ಎಂದು ಯಾರೋ ಮುಖದ ಮೇಲೆಯೇ ಕೇಳಿದರಂತೆ. ನನಗೆ ಗೊತ್ತಾಯಿತು — ಸುಮ್ಮನಿದ್ದೆ.

ಯುದ್ಧ ಮುಗಿಯಿತು. ನಾನು ಗೆದ್ದೆ. ಹೆರಿಗೆ ಕೋಣೆ ಏಳಲೇ ಇಲ್ಲ. ಮುಂದೊಂದು ಮಳೆಗಾಲ ಗುರಮ್ಮಕ್ಕನ ಮಗಳು ನೀಲಾ ಹೆರಿಗೆಗೆ ತವರಿಗೆ ಬಂದಳು. ನೋವು ಜೋರಾಗಿ ಜಹೀರಾಬಾದಿಗೆ ಬಂಡಿ ಕಟ್ಟಿದರು. ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಹೂತು ನಿಂತಿತು. ತಾಯಿ, ಕೂಸು ಇಬ್ಬರೂ ಅಲ್ಲೇ ತೀರಿಕೊಂಡರು. ಮಣ್ಣು ಕೊಡಲು ಹೋದ ನನಗೆ, ಅಧ್ಯಕ್ಷರು ಎಂದು ಜನ ದಾರಿ ಬಿಟ್ಟರು.

ಜನರೇ ಕೈ ಎತ್ತಿದರಲ್ಲ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜ ತಿಳಿದಿದ್ದರೆ ಅವರು ಏನು ಮಾಡುತ್ತಿದ್ದರೋ — ಅದನ್ನು ತೀರ್ಮಾನಿಸುವ ಅವಕಾಶವನ್ನೇ ನಾನು ಅವರಿಂದ ಕಸಿದಿದ್ದೆ. ಯುದ್ಧ ಕಸಿಯಲಿಲ್ಲ, ದೇಶ ಕಸಿಯಲಿಲ್ಲ. ನಾನು.

ಮೊನ್ನೆ ಗುರಮ್ಮಕ್ಕನ ಮನೆಗೆ ಹೋಗಿ, ಅಂಥ ಹುಕುಂ ಇರಲೇ ಇಲ್ಲವೆಂದು ಎಲ್ಲ ಹೇಳಿದೆ. ಮೊರದಲ್ಲಿ ತೊಗರಿ ಹಸನು ಮಾಡುತ್ತಿದ್ದ ಕೈ ನಿಂತಿತು.

"ಅವತ್ತೇ ಗೊತ್ತಿತ್ತೇನ ನಿನಗ?"

"ಗೊತ್ತಿತ್ತಕ್ಕಾ."

ಅವಳು ಮೊರ ಕೆಳಗಿಟ್ಟಳು. ಆಮೇಲೆ, ನನ್ನತ್ತ ನೋಡದೆ ಹೇಳಿದಳು: "ನೀಲಾ ಬಂಡ್ಯಾಗೂ ನನಗೇ ಬೈದ್ಳು. ದೇಶಕ್ಕ ಕೊಡಬ್ಯಾಡ ಅಂದಿ, ಅದಕ್ಕೇ ಹಿಂಗಾತು ಯವ್ವಾ, ಅಂದ್ಳು."

ಮತ್ತೆ ಮೊರ ಎತ್ತಿಕೊಂಡಳು. ಕೂಡು ಎನ್ನಲಿಲ್ಲ, ಹೋಗು ಎನ್ನಲಿಲ್ಲ.