ಒಲೆನಾಳ ಎಲೆ

ಸತ್ತವರು ಬಂದು ಉಣ್ಣುತ್ತಾರೆ ಎಂದರೆ ನಾನು ಮೂಗು ಮುರಿಯುವವನು. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ದುಬೈನ ಅಲ್ ಕುಸೈಸ್‌ನ ನಮ್ಮ ಫ್ಲಾಟಿನಲ್ಲಿ ನಡೆದದ್ದನ್ನು ನೀವೇ ಕೇಳಿ. ನಿಮಗೇನಾದರೂ ತೋಚಿದರೆ ತೋಚಲಿ.

ನನ್ನ ಹೆಂಡತಿ ಶಶಿಕಲಾ ಉಡುಪಿ ಕಡೆಯವಳು. ತೀರಿಕೊಂಡ ಹಿರಿಯರಿಗೆ ಮಳೆಗಾಲದ ಆಟಿ ತಿಂಗಳಲ್ಲಿ ಬಡಿಸುವುದನ್ನು ಇಲ್ಲಿಗೆ ಬಂದ ಮೇಲೂ ಬಿಟ್ಟವಳಲ್ಲ. ತಲೆಗೊಂದು ಬಾಳೆಲೆ ಹಾಕಿ, ಬಡಿಸಿ, ಬಾಗಿಲೆಳೆದುಕೊಂಡು ಮನೆಯವರೆಲ್ಲ ಸ್ವಲ್ಪ ಹೊತ್ತು ಹೊರಗೆ ನಿಲ್ಲಬೇಕು. ಆಮೇಲೆಯೇ ನಮ್ಮ ಊಟ. ಹತ್ತನೆಯ ಮಹಡಿಯ ಕಾರಿಡಾರಿನಲ್ಲಿ ಪಂಚೆಯುಟ್ಟು ನಿಲ್ಲಲು ನನಗೆ ಪ್ರತಿ ವರ್ಷವೂ ನಾಚಿಕೆ.

ಎದುರು ಫ್ಲಾಟಿನ ಒಲೆನಾ ಉಕ್ರೇನ್‌ನವಳು, ಮಕ್ಕಳಿಗೆ ಈಜು ಕಲಿಸುತ್ತಾಳೆ. ಶಶಿಕಲಾ ಅವಳಿಗೆ ಹಿಂದಿನ ದಿನವೇ ಈ ವಿಷಯ ಹೇಳಿದ್ದಳು. ಬಡಿಸುವ ಭಾನುವಾರ ಮಧ್ಯಾಹ್ನ ಒಲೆನಾ ತಾನೇ ಮಾಡಿದ ದುಂಡನೆಯ ಕಪ್ಪು ಬ್ರೆಡ್ಡೊಂದನ್ನು ಹಿಡಿದು ಬಂದು, ತನ್ನವರಿಗೂ ಬಡಿಸಬಹುದೇ ಎಂದು ಕೇಳಿದಳು. ಅವಳ ಅಜ್ಜಿ ಹುಡುಗಿಯಾಗಿದ್ದಾಗ ಸೋವಿಯತ್ ಸರಕಾರದವರು ರೈತರ ಮನೆಗಳಿಂದ ಕಾಳುಕಡ್ಡಿಯನ್ನೆಲ್ಲ ಹೊತ್ತೊಯ್ದು, ಊರಿಗೆ ಊರೇ ಹಸಿವಿನಿಂದ ಸತ್ತಿತ್ತಂತೆ. ಆ ಮನೆಯಲ್ಲಿ ಉಳಿದವಳು ಅಜ್ಜಿಯೊಬ್ಬಳೇ.

"ಅವಳದ್ದು ಎಷ್ಟು ಎಲೆ ಹಾಕುದು ಅಂತ ಕೇಳಿ ಮಾರಾಯ್ರೆ," ಎಂದು ಶಶಿಕಲಾ ಅಡುಗೆಮನೆಯಿಂದ ಕೂಗಿದಳು.

ಕೇಳಿದೆ. ಒಲೆನಾಳ ಮುಖ ಕೆಂಪಾಯಿತು. ಗೊತ್ತಿಲ್ಲ ಎಂದಳು. ಅಜ್ಜಿಯದು ಆ ಸಾವುಗಳ ಬಗ್ಗೆ ಬಾಯಿ ಬಿಡಲು ಜನ ಹೆದರುತ್ತಿದ್ದ ಕಾಲ. ಅಜ್ಜಿ ಕೊನೆಯವರೆಗೂ ಒಂದು ಹೆಸರನ್ನೂ ಹೇಳಿರಲಿಲ್ಲ. ಸ್ವಂತ ಮನೆಯಲ್ಲಿ ಸತ್ತವರೆಷ್ಟು ಎಂದು ತಿಳಿಯದೆ ಒಲೆನಾ ತಪ್ಪು ಮಾಡಿದವಳಂತೆ ನಿಂತಿದ್ದಳು. ನನಗೆ ಪಾಪ ಅನಿಸಿತು.

"ಒಂದೇ ಎಲೆ ಹಾಕುವ. ಹಂಚಿಕೊಳ್ತಾರೆ," ಎಂದಳು ಶಶಿಕಲಾ.

ನಮ್ಮವರ ನಾಲ್ಕು ಎಲೆಗಳ ಪಕ್ಕದಲ್ಲಿ ಐದನೆಯದನ್ನು ಹಾಕಿದೆವು. ಅದರ ಮೇಲೆ ಬ್ರೆಡ್ಡನ್ನು ಇಡಿಯಾಗಿ ಇಟ್ಟವನು ನಾನೇ. ಬಾಗಿಲಿಗೆ ಬೀಗ ಹಾಕಿದವನೂ ನಾನೇ. ನಾವು ಮೂವರೂ ಕಾರಿಡಾರಿನಲ್ಲಿ ಕಾಲು ಗಂಟೆ ನಿಂತೆವು. ಒಳಗೆ ಯಾರೂ ಇರಲಿಲ್ಲ.

ಬಾಗಿಲು ತೆರೆದಾಗ ನಮ್ಮ ಎಲೆಗಳಲ್ಲಿ ಅನ್ನ, ಕೋಳಿ ಸಾರು ಬಡಿಸಿದ ಹಾಗೆಯೇ ಇತ್ತು. ಐದನೆಯ ಎಲೆಯಲ್ಲಿ ಬ್ರೆಡ್ಡು ಮುರಿದಿತ್ತು. ಚಾಕುವಿನಿಂದ ಕೊಯ್ದದ್ದಲ್ಲ, ಕೈಯಲ್ಲಿ ಮುರಿದಂಥ ಏಳು ತುಂಡುಗಳು, ಹೆಚ್ಚುಕಡಿಮೆ ಒಂದೇ ಅಳತೆಯವು.

ನಾನು ಕಿಟಕಿ, ಕಪಾಟು, ಮಂಚದ ಕೆಳಗೆ ಎಲ್ಲ ನೋಡಿದೆ. ಒಲೆನಾ ನೆಲದ ಮೇಲೆ ಕುಳಿತು ಊರಿನಲ್ಲಿರುವ ತಾಯಿಗೆ ಫೋನ್ ಮಾಡಿದಳು. ಅವರ ಭಾಷೆಯಲ್ಲಿ ತುಂಬ ಹೊತ್ತು ಮಾತಾಡಿ, ಕಣ್ಣೊರೆಸಿಕೊಂಡು ನಮಗೆ ಹೇಳಿದಳು. ತಾಯಿ ಚಿಕ್ಕವಳಿದ್ದಾಗ ಅಜ್ಜಿ ಯಾವಾಗಲೂ ಬ್ರೆಡ್ಡನ್ನು ಕೈಯಲ್ಲೇ ಏಳು ತುಂಡು ಮಾಡುತ್ತಿದ್ದಳಂತೆ. ಆಗ ಮನೆಯಲ್ಲಿದ್ದವರು ಮೂವರೇ. ಏಳೇಕೆ ಎಂದು ಯಾರೂ ಕೇಳಿರಲಿಲ್ಲ. ಒಲೆನಾಗೂ ಆ ದಿನದವರೆಗೆ ಇದು ಗೊತ್ತಿರಲಿಲ್ಲ.

ಬಿಸಿ ಆರುವಾಗ ಬ್ರೆಡ್ಡು ತಾನಾಗಿ ಹಾಗೆ ಮುರಿಯುತ್ತದೆಯೇ ಎಂದು ಬೇಕರಿಯವನೊಬ್ಬನನ್ನು ಕೇಳಿದೆ. ಅವನು ನಕ್ಕುಬಿಟ್ಟ. ನನಗೆ ಇಂದಿಗೂ ಬಗೆಹರಿದಿಲ್ಲ.

ಮರುವರ್ಷ ನಾನು ಬಾಳೆಲೆ ತರಲು ಹೊರಟಾಗ ಎಷ್ಟು ಬೇಕೆಂದು ಶಶಿಕಲಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹನ್ನೊಂದು ಎಲೆ ತಂದೆ.