ಕಣಕದಲ್ಲಿ ಅಳತೆ ಹಿಡಿಯುವ ಫಿಟರ್

ಮಾರ್ಗಶಿರದ ಚಳಿ. ಭಾನುವಾರ ಬೆಳಗಿನ ಆರೂವರೆಗೇ ಪುಣೆಯ ಸದಾಶಿವ ಪೇಠದ ಹಳೇ ವಾಡೆ ಮನೆಯೊಂದರ ನೆಲಮಾಳಿಗೆಯಲ್ಲಿ ಅರದ ಸದ್ದು ಕೇಳುತ್ತಿದೆ. ನಿಜಲಿಂಗಪ್ಪ ಕತ್ತರಿಯ ಹಿಡಿಕೆಯೊಂದನ್ನು ಉಜ್ಜುತ್ತಾರೆ, ಬೆರಳಾಡಿಸಿ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಎದುರಿಗೆ ಸ್ಟೂಲಿನ ಮೇಲೆ ರುಕ್ಮಿಣಮ್ಮ. ಮೂವತ್ತು ವರ್ಷ ಕುಪ್ಪಸ ಹೊಲಿದ ಕೈ ಅವರದು. ಹೋದ ವರ್ಷ ಬಿದ್ದು ಮುರಿದ ಬಲ ಹೆಬ್ಬೆರಳು ಸೆಟೆದೇ ಉಳಿದಿದೆ, ಕತ್ತರಿಯೊಳಗೆ ತೂರುವುದಿಲ್ಲ. ಬಟ್ಟೆ ಕತ್ತರಿಸಿಕೊಡುವವರಿಗಾಗಿ ಕಾಯಬೇಕು. ಗಿರಾಕಿಗಳು ಕಾಯುವುದಿಲ್ಲ.

ಈ ನೆಲಮಾಳಿಗೆಗೆ ಬೋರ್ಡಿಲ್ಲ. ಐಟಿ ಕೆಲಸದ ಹತ್ತು ಹದಿನೈದು ಮಂದಿ ರಜೆಯ ದಿನ ಸೇರಿ, ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ಜಾಗ. ಒಂದು ತ್ರೀಡಿ ಪ್ರಿಂಟರ್, ಬಿಗಿದು ಹಿಡಿಯುವ ಎರಡು ವೈಸ್, ಹದಿನೇಳು ಅರ. ಅರಗಳು ನಿಜಲಿಂಗಪ್ಪನವರವು. ಬೈಲಹೊಂಗಲದ ಕಡೆಯವರು, ಇಲ್ಲೇ ಖಡಕಿಯ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟರ್ ಆಗಿದ್ದವರು.

"ರಿಟೈರ್ ಆದಮ್ಯಾಲ ಮನ್ಯಾಗಿನ ಬಾಗಲಾ, ನಳಾ ಎಲ್ಲಾ ರಿಪೇರಿ ಮಾಡಿದೆ. ಮುಂದ ನಮ್ಮಾಕಿ, 'ಚಲೋ ಇದ್ದದ್ದ ಬಿಚ್ಚಬ್ಯಾಡ್ರಿ, ಎಲ್ಲಿಗರೆ ಹೋಗ್ರಿ' ಅಂದ್ಳು," ನಗುತ್ತಾರೆ.

ಈ ಹಿಡಿಕೆಯನ್ನು ಮೊದಲು ಮಾಡಿದವಳು ಆ ಐಟಿ ಮಂದಿಯಲ್ಲೊಬ್ಬಳಾದ ಮೈಸೂರಿನ ಇಂಪನಾ. ರುಕ್ಮಿಣಮ್ಮನ ಕೈಯನ್ನು ಮೇಜಿನ ಮೇಲಿಟ್ಟು ಸ್ಕ್ಯಾನ್ ಮಾಡಿ, ಪ್ರಿಂಟ್ ತೆಗೆದಿದ್ದಳು. "ಪರ್ಫೆಕ್ಟ್ ಆಗಿ ಕೂತಿತ್ತು. ಕಟ್ ಮಾಡೋಕೆ ಹೋದ್ರೆ ಮಾತ್ರ ಜಾರ್ತಿತ್ತು ಕಾಕಾ," ಎನ್ನುತ್ತಾಳೆ.

"ಸುಮ್ನ ಕುಂತ ಕೈ ಅಳದಿ ತಂಗಿ. ದುಡಿಯೂ ಕೈ ಬ್ಯಾರೇನ ಇರ್ತದ."

ನಿಜಲಿಂಗಪ್ಪ ಆ ಹಿಡಿಕೆಗೆ ಚಪಾತಿ ಕಣಕ ಮೆತ್ತಿ, ರುಕ್ಮಿಣಮ್ಮನಿಗೆ ದಪ್ಪ ಬಟ್ಟೆ ಕತ್ತರಿಸಿ ಎಂದರು. ಬೆರಳು ಒತ್ತಿದ ಕಡೆಯೆಲ್ಲ ಕಣಕದಲ್ಲಿ ಗುರುತು ಬಿತ್ತು. ಇಂಪನಾ ಅದನ್ನೇ ಸ್ಕ್ಯಾನ್ ಮಾಡಿ ಹೊಸ ಹಿಡಿಕೆ ತೆಗೆದಳು. ಉಳಿದ ಕೂದಲೆಳೆಯಷ್ಟು ಕೆಲಸ ಅರದ್ದು.

ಏಳೂವರೆಗೆ ರುಕ್ಮಿಣಮ್ಮ ಖಾಕಿ ಬಟ್ಟೆಗೆ ಕತ್ತರಿ ಹಾಕುತ್ತಾರೆ. ಮೊದಲ ಗೆರೆ ಸೊಟ್ಟ.

"ಇಲ್ಲೆ ಒತ್ತತದ್ರಿ ಅಣ್ಣಾರ."

"ಕೊಡ್ರಿ ಇತ್ತ."

ಅರ ನಾಲ್ಕು ಸಲ ಆಡುತ್ತದೆ. ಮತ್ತೆ ಕತ್ತರಿ. ಈ ಸಲ ಗೆರೆ ಮೇಜಿನ ಆ ತುದಿಯವರೆಗೆ ನೆಟ್ಟಗೆ ಸಾಗುತ್ತದೆ. ರುಕ್ಮಿಣಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು, ಅಂಚನ್ನು ಎರಡು ಸಲ ನೋಡುತ್ತಾರೆ. "ನಾಳಿಂದ ಯಾರ್ದೂ ದಾರಿ ಕಾಯೂದಿಲ್ಲ ನಾ," ಎಂದವರೇ ಪರ್ಸಿಗೆ ಕೈ ಹಾಕುತ್ತಾರೆ.

"ರೊಕ್ಕ ಒಳಗಿಡ್ರಿ. ಇಲ್ಲಿ ಅದು ನಡ್ಯೂದಿಲ್ಲ." ನಿಜಲಿಂಗಪ್ಪ ತಮ್ಮ ಏಪ್ರನ್ನಿನ ಹರಿದ ಕಿಸೆಯನ್ನು ತೋರಿಸುತ್ತಾರೆ. "ಅರ ಇಟ್ರ ಕಾಲಮ್ಯಾಲ ಬೀಳ್ತದ. ಇದೊಂದ ಹೊಲ್ದ ಕೊಡ್ರಿ, ಲೆಕ್ಕ ತೀರ್ತು."

ರುಕ್ಮಿಣಮ್ಮ ಖಾಕಿ ಬಟ್ಟೆಯನ್ನು ಮಡಚಿ ಗುರುತು ಹಾಕುತ್ತಾರೆ. "ಕಿಸೆ ಸಣ್ಣದ ಹಾಕ್ಲೋ, ದೊಡ್ಡದೋ?"

"ದೊಡ್ಡದ ಹಾಕ್ರಿ," ಎನ್ನುತ್ತಾರೆ ನಿಜಲಿಂಗಪ್ಪ. "ಇನ್ನೂ ಹತ್ತ ವರ್ಷ ಕೆಲಸ ಅದ ನಂದು."